ಅಲ್ಲಿ ಮಳೆ ಬಂತೇ?

ಜೂನ್ ತಿಂಗಳ ಒಂದು ಭಾನುವಾರ. ಮೆಲ್ಬರ್ನಿನಲ್ಲಿ ಬೆಳಗಿನ ಹನ್ನೊಂದೂಕಾಲು ಗಂಟೆ. ನಾನು ಸಮುದಾಯ ರೇಡಿಯೋವೊಂದರ ಸಣ್ಣ ಸ್ಟುಡಿಯೋದಲ್ಲಿ, ಎಲ್ಲರ ಕಿವಿಗೂ ತಾಗಿ ತಾಗಿ ಸಿಪ್ಪೆ ಸುಲಿದ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಹಾಡು ಓಡುತ್ತಿತ್ತು, ಮುಗಿಯಲು ಇನ್ನೂ ಮೂರು ನಿಮಿಷವಿತ್ತು. ಫೋನಿನ ದೀಪ ಮಿನುಗಿತು. ಸ್ಟುಡಿಯೋದಲ್ಲಿ ಫೋನು ರಿಂಗಣಿಸುವುದಿಲ್ಲ, ಬರೇ ಮಿನುಗುತ್ತದೆ. ಎತ್ತಿದೆ. ಒಂದು ಮಗುವಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು, ಆಮೇಲೆ ಫೋನು ಕೈ ಬದಲಾದ ಸದ್ದು, ಆಮೇಲೆ ವಯಸ್ಸಾದ ಹೆಂಗಸಿನ ದನಿ. ಹಾಡು ಕೇಳಲು ಮಾಡಿದ್ದಲ್ಲ ಎಂದರು. ನಿಮ್ಮ ಮಾತು ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು: "ಅಲ್ಲಿ ಮಳೆ ಬಂತೇ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಿಟಕಿಯ ಆಚೆ ಮೆಲ್ಬರ್ನಿನ ಚಳಿಗಾಲದ ಜಿನುಗು ಮಳೆ ಹಿಡಿದುಕೊಂಡಿತ್ತು, ಹಾಗಾಗಿ ಬಂತು ಎಂದೆ. "ಜೋರೇ?" ಎಂದರು. ಆಗ ಹೊಳೆಯಿತು. ಅವರು ಕೇಳುತ್ತಿದ್ದದ್ದು ಈ ಮಳೆಯನ್ನಲ್ಲ. ರೇಡಿಯೋದಲ್ಲಿ ಕನ್ನಡ ಬರುತ್ತಿದೆ, ಅಂದ ಮೇಲೆ ಕನ್ನಡದವನು ಊರಿನಲ್ಲಿ ಕುಳಿತೇ ಮಾತಾಡುತ್ತಿದ್ದಾನೆ. ಅಲ್ಲಿ ಅಂದರೆ ಅಲ್ಲಿ, ಘಟ್ಟದ ಮೇಲೆ. ತಿದ್ದಬಹುದಿತ್ತು. ಅಮ್ಮಾ, ನಾನೂ ಇಲ್ಲೇ, ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಎನ್ನಬಹುದಿತ್ತು. ನಾನು ಹೇಳಿದ್ದು: "ಜೋರಾಗಿಯೇ ಇದೆ." ಹಿಂದಿನ ರಾತ್ರಿಯಷ್ಟೇ ನನ್ನ ಅಮ್ಮ ಫೋನಿನಲ್ಲಿ ಈ ಸಲ ಮಳೆ ತಡ, ಬಾವಿ ತಳ ಕಂಡಿದೆ ಎಂದು ಗೊಣಗಿದ್ದಳು. ಅಂದರೆ ಗೊತ್ತಿದ್ದೂ ಹೇಳಿದ ಸುಳ್ಳು. "ಹಾಗಾದರೆ ಸಸಿ ಮಡಿ ಮಾಡಬಹುದು" ಎಂದು ಅವರು ಫೋನಿಟ್ಟರು. ಹಾಡು ಮುಗಿಯಿತು, ಮೈಕಿನ ಕೆಂಪು ದೀಪ ಹತ್ತಿತು, ನಾನು ಮುಂದಿನ ಹಾಡಿನ ವಿವರ ಓದಿದೆ.

ಆ ಸುಳ್ಳು ಇಷ್ಟು ವರ್ಷ ಕಳೆದರೂ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತಿದೆ. ಯಾಕೆ ಹೇಳಿದೆ ಎನ್ನುವುದಕ್ಕಿಂತ, ಅಷ್ಟು ಸಲೀಸಾಗಿ ಹೇಗೆ ಬಂತು ಎನ್ನುವುದೇ ನನ್ನನ್ನು ಕಾಡುವುದು. ಅದನ್ನು ಹಿಡಿದುಕೊಂಡು ಹಿಂದೆ ಹೋದರೆ ನಮ್ಮ ಮನೆಯ ಜಗಲಿಗೆ, ಅಲ್ಲಿಂದ ಕೊಲಂಬೊಗೆ ಹೋಗಿ ನಿಲ್ಲುತ್ತೇನೆ.

ಮುಳ್ಳು ನಿಲ್ಲುವ ಜಾಗ

ಅಪ್ಪನ ರೇಡಿಯೋಗೆ ಕಸೂತಿಯ ಒಂದು ಮುಸುಕು ಇತ್ತು. ಬೆಳಿಗ್ಗೆ ಏಳೂವರೆಗೆ ಅದನ್ನು ತೆಗೆಯುವ ಹಕ್ಕು ಅವನದು ಮಾತ್ರ. ಗುಂಡಿ ತಿರುಗಿಸಿದರೆ ಮೊದಲು ಗರಗರ, ಆಮೇಲೆ ಯಾವುದೋ ಚೀನೀ ದನಿ, ಆಮೇಲೆ ಸಿಳ್ಳೆ, ಅದರ ಒಳಗಿಂದ ನೀರಿನಿಂದ ಮೇಲೆ ಬಂದ ಹಾಗೆ ರೇಡಿಯೋ ಸಿಲೋನ್, ಕೊಲಂಬೊದ ಬಾನುಲಿ. ಮುಳ್ಳು ನಿಲ್ಲಬೇಕಾದ ಜಾಗದಲ್ಲಿ ಗಾಜಿನ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಬೆಳಿಗ್ಗೆಗೆ 41 ಮೀಟರಿನ ಗೆರೆ, ಹೊತ್ತೇರಿದ ಮೇಲೆ 25 ಮೀಟರಿನ ಇನ್ನೊಂದು. ಹಳೆಯ ಹಿಂದಿ ಚಿತ್ರಗೀತೆಗಳ ಅರ್ಧ ಗಂಟೆ ಎಂಟಕ್ಕೆ ಮುಗಿಯುವಾಗ ಕೊನೆಯ ಹಾಡು ಯಾವತ್ತೂ ಸೈಗಲರದು. ಅದು ನಮಗೆ ಹಾಡಲ್ಲ, ಗಂಟೆ. ಸೈಗಲ್ ಶುರುವಾಗುವುದರೊಳಗೆ ಸ್ನಾನ ಮುಗಿದಿರದಿದ್ದರೆ ಆ ದಿನ ಶಾಲೆಗೆ ಓಡಬೇಕಿತ್ತು. ಆ ಮಹಾನುಭಾವನ ದನಿ ಕೇಳಿದರೆ ನನಗೆ ಈಗಲೂ ವಿಷಾದ ಉಕ್ಕುವುದಿಲ್ಲ, ಚಡ್ಡಿಯ ಗುಂಡಿ ಹುಡುಕುವ ಗಡಿಬಿಡಿಯಾಗುತ್ತದೆ.

ಹಾಡುಗಳ ನಡುವೆ ಮಾತಾಡುವವರು ಇದ್ದರು. ಹಿಂದಿ ನಮಗೆ ಅಷ್ಟಕ್ಕಷ್ಟೆ, ಆದರೂ ಆ ಮಾತಿನ ಏರಿಳಿತ ಬಾಯಿಪಾಠವಾಗಿತ್ತು. ಪ್ರತಿಯೊಂದು ಹಾಡಿಗೆ ಮುಂಚೆ ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ಆಮೇಲೆ ಹಾಡು ಕೋರಿದವರ ಉದ್ದನೆಯ ಪಟ್ಟಿ. ಝುಮ್ರಿ ತಲಯ್ಯಾ ಎಂಬ ಹೆಸರು ಮೊದಲು ಕೇಳಿದಾಗ ಅದು ಊರಲ್ಲ, ಹಾಡಿನದೇ ಒಂದು ಸಾಲು ಎಂದುಕೊಂಡಿದ್ದೆ. ಅದು ಈಗಿನ ಜಾರ್ಖಂಡಿನಲ್ಲಿರುವ ಅಭ್ರಕದ ಗಣಿಗಳ ಪೇಟೆ. ಅಲ್ಲಿನ ಜನ ಕಾರ್ಡು ಬರೆದು ಬರೆದು ತಮ್ಮ ಊರನ್ನು ಇಡೀ ದೇಶಕ್ಕೆ ಪರಿಚಯಿಸಿದರು. ಹೀಗೆ ಝುಮ್ರಿ ತಲಯ್ಯಾವನ್ನು ಕಾಣದ ನಾವು, ಅದನ್ನು ಕೊಲಂಬೊದಿಂದ ಹೆಸರು ಹಿಡಿದು ಕರೆಯುವುದನ್ನು ದಿನಾ ಕೇಳುತ್ತಿದ್ದೆವು. ಕರೆಯುತ್ತಿದ್ದವನು ಹಿಂದಿ ಸೀಮೆಯ ಯಾವುದೋ ಮೂಲೆಯಿಂದ ಸಮುದ್ರ ದಾಟಿ ಹೋದವನು ಎಂದು ನಾವು ಯೋಚಿಸಿಯೇ ಇರಲಿಲ್ಲ. ರೇಡಿಯೋದವನಿಗೆ ಮನೆ ಎಲ್ಲಿರುತ್ತದೆ? ರೇಡಿಯೋದ ಒಳಗೇ.

ತುಂಬ ತಡವಾಗಿ ತಿಳಿದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಶಾರ್ಟ್‌ವೇವ್ ಅಲೆ ನೆಲದ ಮೇಲೆ ಬಹಳ ದೂರ ಹೋಗುವುದಿಲ್ಲ. ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ, ಬಾಗಿ, ನೂರಾರು ಮೈಲಿ ಆಚೆ ಇಳಿಯುತ್ತದೆ. ಟ್ರಾನ್ಸ್‌ಮಿಟರಿನ ಸುತ್ತಮುತ್ತ ಸ್ವಲ್ಪ ದೂರ ಕೇಳುತ್ತದೆ. ಆಮೇಲೆ ಒಂದು ಮೌನದ ಪಟ್ಟಿ, ಅಲ್ಲಿ ಏನೂ ಇಲ್ಲ. ಅದರಾಚೆ ಮತ್ತೆ ದನಿ. ಹತ್ತಿರದವರನ್ನು ಹಾರಿಸಿಕೊಂಡು ದೂರದವರ ಜಗಲಿಗೆ ಬಂದು ಇಳಿಯುವುದೇ ಅದರ ಸ್ವಭಾವ. ಕೊಲಂಬೊದ ಉತ್ತರಕ್ಕಿರುವ ಏಕಲದ ಕಂಬಗಳಿಂದ ಹೊರಟ ಮಾತು ಅಕ್ಕಪಕ್ಕದ ಊರುಗಳ ತಲೆಯ ಮೇಲಿಂದ ಹಾದು ಮಲೆನಾಡಿನಲ್ಲಿ ಇಳಿಯುತ್ತಿತ್ತು. ಪರದೇಶದಲ್ಲಿದ್ದು ಊರಿನವರಿಗೆ ಮಾತಾಡುವವನ ಪಾಡು ಭೌತಶಾಸ್ತ್ರದಲ್ಲೇ ಬರೆದಿಟ್ಟ ಹಾಗಿದೆ.

ಯಾರಿಗೆ ವಿದೇಶ?

ಆ ಟ್ರಾನ್ಸ್‌ಮಿಟರ್ ಅಲ್ಲಿಗೆ ಬಂದದ್ದೇ ಪರದೇಶದವರಿಗಾಗಿ. ಎರಡನೆಯ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ನನ ಆಗ್ನೇಯ ಏಷ್ಯಾ ಕಮಾಂಡ್ ತನ್ನ ಸೈನಿಕರಿಗಾಗಿ ಕೊಲಂಬೊದಲ್ಲಿ ಬಾನುಲಿ ಕಟ್ಟಿತು. ಮನೆ ಬಿಟ್ಟು ಬಂದ ಹುಡುಗರಿಗೆ ಮನೆಯ ಸದ್ದು ಕೇಳಿಸುವುದು ಅದರ ಕೆಲಸ. ಯುದ್ಧ ಮುಗಿದು, 1949ರಲ್ಲಿ ಅದು ಸಿಲೋನ್ ಸರ್ಕಾರದ ಕೈಗೆ ಬಂದಾಗ ಇಷ್ಟು ದೊಡ್ಡ ಗಂಟಲನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿರಬೇಕು. 1950ರಲ್ಲಿ ವಾಣಿಜ್ಯ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಕ್ಲಿಫರ್ಡ್ ಡಾಡ್, ಕಾಮನ್‌ವೆಲ್ತ್ ದೇಶಗಳ ನೆರವಿನ ಕೊಲಂಬೊ ಯೋಜನೆಯಡಿ ಬಂದ ಆಸ್ಟ್ರೇಲಿಯದವನು. ಮೆಲ್ಬರ್ನಿನಲ್ಲಿ ಮೈಕಿನ ಮುಂದೆ ಕುಳಿತಾಗೆಲ್ಲ ಈ ಡಾಡ್ ನೆನಪಾಗುತ್ತಿದ್ದ. ಅವನು ಸಿಂಹಳಕ್ಕೆ ಹೋಗಿ ಹೂಡಿದ ಅಂಗಡಿಯ ಸರಕನ್ನು ತಿಂದು ಬೆಳೆದ ಹುಡುಗ ನಾನು, ಅವನ ದೇಶಕ್ಕೆ ಬಂದು ಅದೇ ಧಾಟಿಯಲ್ಲಿ ಮಾತಾಡುತ್ತಿದ್ದೆ.

ಅಂಗಡಿಗೆ ಗಿರಾಕಿಗಳನ್ನು ಒದಗಿಸಿದ್ದು ನಮ್ಮ ದೆಹಲಿಯೇ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಮಂತ್ರಿಯಾದರು. ಸಿನಿಮಾ ಹಾಡು ಕೇಳಿ ಜನರ ಅಭಿರುಚಿ ಕೆಡುತ್ತದೆ ಎಂದು ನಂಬಿದವರು. ಆಕಾಶವಾಣಿಯಲ್ಲಿ ಚಿತ್ರಗೀತೆ ನಿಂತಿತು. ಜನ ಅಭಿರುಚಿ ಸುಧಾರಿಸಿಕೊಳ್ಳಲಿಲ್ಲ, ಗುಂಡಿ ತಿರುಗಿಸಿದರು. ಅದೇ ವರ್ಷ ಡಿಸೆಂಬರ್ 3ರಂದು ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿ "ಬೆಹನೋ ಔರ್ ಭಾಯಿಯೋ" ಎಂದರೆ ಪೇಟೆಯ ಹೋಟೆಲುಗಳ ಮುಂದೆ ಜನ ನಿಲ್ಲುತ್ತಿದ್ದರು. ಐದು ವರ್ಷ ತಡೆದು, 1957ರಲ್ಲಿ ಚಿತ್ರಗೀತೆಗೆಂದು ಆಕಾಶವಾಣಿಯದೇ ವಿವಿಧ ಭಾರತಿ ಹುಟ್ಟಿತು. ಕೇಸ್ಕರ್ ಇರದಿದ್ದರೆ ಅಪ್ಪನ ಪೆನ್ಸಿಲ್ ಗೆರೆಯೂ ಇರುತ್ತಿರಲಿಲ್ಲ.

ಈಗ ನನ್ನನ್ನು ಹಿಡಿದಿಟ್ಟ ಸಂಗತಿಗೆ ಬರುತ್ತೇನೆ. ಸಿಲೋನ್ ಅಂದರೆ ಸಯಾನಿ, ಸಯಾನಿ ಅಂದರೆ ಸಿಲೋನ್. ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ: ಆ ಮನುಷ್ಯ ಲಂಕೆಯಲ್ಲಿದ್ದಾನೆ. ಅಜ್ಜಿಯಂತೂ ರಾವಣನ ಊರಿನಲ್ಲಿ ಇಷ್ಟು ಸಂಭಾವಿತ ದನಿಯೇ ಎಂದು ಬೆರಗಾಗುತ್ತಿದ್ದಳು. ಅವರು ಇದ್ದದ್ದು ಮುಂಬಯಿಯ ಕೊಲಾಬಾದ ಧ್ವನಿಮುದ್ರಣ ಕೊಠಡಿಯಲ್ಲಿ. ಅಲ್ಲಿ ಮಾತಾಡಿ ಮುಗಿಸಿದ ಟೇಪು ವಿಮಾನವೇರಿ ಕೊಲಂಬೊಗೆ ಹೋಗುತ್ತಿತ್ತು. ಅಲ್ಲಿಂದ ಆಕಾಶಕ್ಕೆ ಹಾರಿ ಮತ್ತೆ ಮುಂಬಯಿಗೇ ಬಂದು ಇಳಿಯುತ್ತಿತ್ತು. ಮನೆ ಬಿಟ್ಟು ಹೋದದ್ದು ದನಿ ಮಾತ್ರ, ಮನುಷ್ಯ ಅಲ್ಲೇ ಊಟ ಮಾಡಿ ಅಲ್ಲೇ ಮಲಗಿದ. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಹಿರಿಯರೊಬ್ಬರು, "ಕೊನೆಗಾದರೂ ಭಾರತಕ್ಕೆ ಬಂದಿದ್ದರಂತೆ, ಒಳ್ಳೆಯದಾಯಿತು" ಎಂದರು. ನಾನು ತಿದ್ದಲು ಹೋಗಲಿಲ್ಲ. ಈ ವಿಷಯದಲ್ಲಿ ನನ್ನ ಹಳೆಯ ಚಾಳಿ ಅದು.

ನಿಜವಾಗಿಯೂ ದೇಶ ಬಿಟ್ಟು ಹೋಗಿ ಕೊಲಂಬೊದಲ್ಲಿ ಕುಳಿತವರು ಬೇರೆ. ವಿಜಯ ಕಿಶೋರ್ ದುಬೆ, ಗೋಪಾಲ ಶರ್ಮಾ, ಅವರ ನಂತರದ ಮನೋಹರ ಮಹಾಜನ್. ಗೋಪಾಲ ಶರ್ಮಾ 1956ರಿಂದ ಸುಮಾರು ಹನ್ನೊಂದು ವರ್ಷ ಅಲ್ಲಿದ್ದರು. "ಆವಾಜ್ ಕೀ ದುನಿಯಾ ಕೇ ದೋಸ್ತೋ" ಎಂದು ಕೇಳುಗರನ್ನು ಕರೆಯುವುದು ಅವರದೇ ರೀತಿ: ದನಿಯ ಲೋಕದ ಗೆಳೆಯರೇ ಎಂದು. ಪ್ರಾಯೋಜಿತ ಕಾರ್ಯಕ್ರಮಗಳ ಟೇಪು ಮುಂಬಯಿಯಿಂದ ಬರುತ್ತಿತ್ತು. ಉಳಿದ ಹೊತ್ತನ್ನೆಲ್ಲ ತುಂಬುವವರು ಇವರು. ಬೆಳಿಗ್ಗೆ ಕೇಂದ್ರ ತೆರೆಯುವವರು, ರೆಕಾರ್ಡು ಹುಡುಕುವವರು, ಹೆಸರು ಓದುವವರು, ಸಮಯ ಹೇಳುವವರು. ಆ "ದೋಸ್ತೋ" ಎಂಬ ಕರೆ ನನಗೆ ಈಗ ಬೇರೆಯಾಗಿಯೇ ಕೇಳುತ್ತದೆ. ಗೆಳೆಯರು ಇರುವುದು ದನಿಯ ಲೋಕದಲ್ಲಿ. ಕೆಲಸ ಮುಗಿಸಿ ಟಾರಿಂಗ್ಟನ್ ಚೌಕದ ಆ ಕಟ್ಟಡದಿಂದ ಹೊರಗೆ ಬಂದರೆ ಬೀದಿಯಲ್ಲಿ ಸಿಂಹಳ, ತಮಿಳು, ಇಂಗ್ಲಿಷ್. ಹಿಂದುಸ್ತಾನದ ತುಂಬ ಲಕ್ಷಾಂತರ ಜಗಲಿಗಳಲ್ಲಿ ಮನೆಯವನಂತಿದ್ದವನು ಅಲ್ಲಿ ಬಸ್ಸಿಗೆ ಕಾಯುತ್ತ ನಿಂತ ಯಾರೋ ಒಬ್ಬ ಭಾರತೀಯ. ವಲಸೆ ಹೋದ ಎಲ್ಲರನ್ನೂ ಊರು ನಿಧಾನವಾಗಿ ಮರೆಯುತ್ತದೆ, ಹೋದ ಊರು ನಿಧಾನವಾಗಿ ಗುರುತಿಸುತ್ತದೆ. ಇವರದು ತಲೆಕೆಳಗಾದ ಲೆಕ್ಕ.

ಸಿಲೋನ್ 1972ರಲ್ಲಿ ಶ್ರೀಲಂಕಾ ಆಯಿತು. ಬಾನುಲಿಯ ಹೆಸರೂ ಬದಲಾಯಿತು. "ಇದು ಶ್ರೀಲಂಕಾ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಶನ್ನಿನ ವಿದೇಶ ವಿಭಾಗ" ಎಂದು ಹಿಂದಿಯಲ್ಲಿ ಹೇಳುತ್ತಿದ್ದದ್ದು ನನ್ನ ತಲೆಮಾರಿನವರ ಕಿವಿಯಲ್ಲಿ ಇನ್ನೂ ಇದೆ. ವಿದೇಶ ವಿಭಾಗ. ಶ್ರೀಲಂಕಾಕ್ಕೆ ಭಾರತ ವಿದೇಶ, ಸರಿ. ಆದರೆ ಆ ವಾಕ್ಯವನ್ನು ಓದುತ್ತಿದ್ದ ಭಾರತೀಯನಿಗೆ? ತನ್ನ ಅಮ್ಮ ರೇಡಿಯೋ ಹಚ್ಚಿ ಕುಳಿತಿರುವ ಅಡುಗೆಮನೆಯನ್ನು ಅವನು ದಿನಕ್ಕೆ ಹತ್ತು ಸಲ ವಿದೇಶ ಎಂದು ಕರೆಯಬೇಕಿತ್ತು. ನೌಕರಿಯ ಮಾತು ಎಂದು ಅವನು ತಳ್ಳಿಹಾಕಿರಬಹುದು. ನಾನಾಗಿದ್ದರೆ ಮೊದಲ ವಾರ ನಾಲಿಗೆ ತಡವರಿಸುತ್ತಿತ್ತು, ಎರಡನೆಯ ವಾರ ಅಭ್ಯಾಸವಾಗುತ್ತಿತ್ತು. ಆ ಎರಡನೆಯ ವಾರದ ಬಗ್ಗೆಯೇ ನನಗೆ ಭಯ.

(ಇದಕ್ಕೂ ಹಿಂದಿನ ಒಂದು ಕೊಂಡಿ. ಯುದ್ಧಕಾಲದ ಲಂಡನ್ನಿನಲ್ಲಿ, ಮುಂದೆ ಹಿಂದಿ ಚಿತ್ರನಟರಾದ ಬಲರಾಜ್ ಸಾಹ್ನಿ ಬಿಬಿಸಿಯ ಹಿಂದುಸ್ತಾನಿ ವಿಭಾಗದಲ್ಲಿ ಉದ್ಘೋಷಕರಾಗಿದ್ದರು. ಅದೇ ಬಿಬಿಸಿಯಲ್ಲಿ ಭಾರತಕ್ಕೆ ಹೋಗುವ ಕಾರ್ಯಕ್ರಮಗಳನ್ನು ಎರಡು ವರ್ಷ ರೂಪಿಸಿದ ಜಾರ್ಜ್ ಆರ್ವೆಲ್, ಇದನ್ನು ಕೇಳುವವರೇ ಇಲ್ಲ ಎನ್ನಿಸಿ 1943ರಲ್ಲಿ ಕೆಲಸ ಬಿಟ್ಟರು. ಕೊಲಂಬೊದವರಿಗೆ ಆ ಅನುಮಾನವಿರಲಿಲ್ಲ. ಅಂಚೆಯವನು ಚೀಲ ಚೀಲ ಕಾರ್ಡು ತಂದು ಸುರಿಯುತ್ತಿದ್ದ.)

ಎರಡು ಗಡಿಯಾರ

ನನ್ನ ರೇಡಿಯೋ ಜೀವನವನ್ನು ಇವರ ಪಕ್ಕದಲ್ಲಿ ಇಡಲು ನಾಚಿಕೆಯಾಗುತ್ತದೆ. ಆಸ್ಟ್ರೇಲಿಯದಲ್ಲಿ ವಲಸಿಗರ ಭಾಷೆಗಳ ಪ್ರಸಾರ ಗಟ್ಟಿಯಾಗಿ ಶುರುವಾದದ್ದು 1975ರಲ್ಲಿ. ಮೆಡಿಬ್ಯಾಂಕ್ ಎಂಬ ಹೊಸ ಆರೋಗ್ಯ ವಿಮೆಯ ಯೋಜನೆಯನ್ನು ಇಂಗ್ಲಿಷ್ ಬಾರದವರಿಗೆ ತಿಳಿಸಬೇಕಿತ್ತು, ಅದಕ್ಕಾಗಿ ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಒಂದೊಂದು ಕೇಂದ್ರ ತೆರೆದರು. ಗ್ರೀಕರು, ಇಟಲಿಯವರು, ಅರಬ್ಬರು ಮೊದಲು ಕುಳಿತ ಕುರ್ಚಿಗಳಿಗೆ ಆಮೇಲೆ ನಮ್ಮಂಥವರು ಬಂದೆವು. ನಾನಿದ್ದ ಕೇಂದ್ರದಲ್ಲಿ ಸಂಬಳವಿಲ್ಲ. ವಾರಕ್ಕೊಂದು ಗಂಟೆ. ನಮಗಿಂತ ಮುಂಚಿನ ಗಂಟೆ ಇನ್ನೊಂದು ಭಾಷೆಯವರದು. ಅವರು ತಮ್ಮ ಕೊನೆಯ ಹಾಡು ಹಾಕಿ ಎದ್ದರೆ ಬಿಸಿ ಆರದ ಕುರ್ಚಿಯಲ್ಲಿ ನಾವು ಕುಳಿತುಕೊಳ್ಳಬೇಕು. ಪರಸ್ಪರ ಒಂದು ಪದ ಅರ್ಥವಾಗದಿದ್ದರೂ, ಅವರ ಹಾಡು ಮುಗಿಯಲು ಎಷ್ಟು ಸೆಕೆಂಡು ಉಳಿದಿದೆ ಎನ್ನುವುದನ್ನು ಬೆರಳಿನಲ್ಲಿ ತೋರಿಸುತ್ತಿದ್ದರು. ಮೈಕ್ ತೆರೆದರೆ ಕೊಠಡಿಯ ಸ್ಪೀಕರ್ ಸತ್ತುಹೋಗುತ್ತದೆ. ಕೆಮ್ಮಲು ಬೇರೆಯೇ ಗುಂಡಿ. ನಾನು ತಪ್ಪು ಗುಂಡಿ ಒತ್ತಿ, ನನ್ನ ಕೆಮ್ಮನ್ನು ವಿಕ್ಟೋರಿಯಾದ ಕನ್ನಡಿಗರೆಲ್ಲ ಕೇಳಿ, ಮರುದಿನ ಮೂವರು ಕಷಾಯ ಹೇಳಿಕೊಟ್ಟರು. ನಾನು ಬಲ್ಲ ಜನಪ್ರಿಯತೆ ಅಷ್ಟೇ.

ಕಾರ್ಯಕ್ರಮದ ಆರಂಭಕ್ಕೆ ಈ ನೆಲದ ಮೂಲ ಒಡೆಯರಾದ ವುರುಂಡ್ಜೆರಿ ಜನರಿಗೆ ಗೌರವ ಸಲ್ಲಿಸುವ ಮಾತು ಹೇಳಬೇಕು. ಅದನ್ನು ಕನ್ನಡಕ್ಕೆ ತಂದಿದ್ದೆ. "ಒಡೆಯರು" ಎಂಬ ಪದ ಮೈಸೂರಿನ ಕೇಳುಗರೊಬ್ಬರಿಗೆ ಬೇರೇನೋ ನೆನಪಿಸಿ, ಅರಮನೆಯವರು ಮೆಲ್ಬರ್ನಿಗೂ ಬಂದಿದ್ದರೇ ಎಂದು ತಮಾಷೆ ಮಾಡಿದ್ದರು. ಆಮೇಲೆ ಸಮಯ. ಇದು ನನ್ನ ಇಷ್ಟದ ಕೆಲಸ. "ಮೆಲ್ಬರ್ನಿನಲ್ಲಿ ಈಗ ಹನ್ನೊಂದು ಗಂಟೆ, ಕರ್ನಾಟಕದಲ್ಲಿ ಬೆಳಗಿನ ಆರೂವರೆ." ಅಕ್ಟೋಬರಿನ ಮೊದಲ ಭಾನುವಾರ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತಿತ್ತು. ಅಂದಿನಿಂದ ಕರ್ನಾಟಕದಲ್ಲಿ ಐದೂವರೆ, ಎಲ್ಲರೂ ಇನ್ನೂ ನಿದ್ದೆಯಲ್ಲಿ. ಊರಿನ ಗಂಟೆ ಹೇಳಿ ಯಾರಿಗೆ ಏನು ಉಪಯೋಗ ಎಂದು ಕೇಂದ್ರದ ಒಬ್ಬ ಹಿರಿಯ ಕೇಳಿದ್ದ. ಬಸ್ಸು ಹಿಡಿಯಲಿಕ್ಕಂತೂ ಅಲ್ಲ. ಆದರೆ ಒಂದು ವಾರ ಹೇಳುವುದನ್ನು ಮರೆತರೆ ಫೋನಿನ ದೀಪ ಮಿನುಗುತ್ತಿತ್ತು.

ಕೊಲಂಬೊದವರಿಗೆ ಮೊದಲು ಈ ತೊಂದರೆ ಇರಲಿಲ್ಲ, ಎರಡೂ ದೇಶಕ್ಕೆ ಒಂದೇ ಸಮಯ. 1996ರ ಮೇ ತಿಂಗಳಲ್ಲಿ, ವಿದ್ಯುತ್ತಿನ ಅಭಾವ ನೀಗಲೆಂದು, ಶ್ರೀಲಂಕಾ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ಅಕ್ಟೋಬರಿನಲ್ಲಿ ಅದರಲ್ಲಿ ಅರ್ಧ ಗಂಟೆ ವಾಪಸು ಪಡೆಯಿತು. 2006ರ ಏಪ್ರಿಲಿನಲ್ಲಿ ಮತ್ತೆ ನಮ್ಮ ಸಮಯಕ್ಕೇ ಬಂತು. ಆ ಹತ್ತು ವರ್ಷ ಕೊಲಂಬೊದ ಹಿಂದಿ ಉದ್ಘೋಷಕ ಎದ್ದದ್ದು ಒಂದು ಗಂಟೆಗೆ, ಕೇಳುಗ ಎದ್ದದ್ದು ಇನ್ನೊಂದಕ್ಕೆ. ಅವನ ಗೋಡೆಯ ಗಡಿಯಾರ ಎಂಟೂವರೆ ತೋರಿಸುತ್ತಿದ್ದಾಗ ನಮ್ಮ ಜಗಲಿಯಲ್ಲಿ ಎಂಟು. ಅರ್ಧ ಗಂಟೆ ದೊಡ್ಡ ಅಂತರವಲ್ಲ. ಆದರೂ ಅಷ್ಟು ಕಾಲ ಅವನು ಇಲ್ಲಿಯವನೇ ಎಂಬ ಸೋಗಿಗೆ ಗಡಿಯಾರವೇ ಅಡ್ಡ ನಿಂತಿತ್ತು.

ಸೋಗು ಎಂದೆ. ಆ ಪದವನ್ನು ಹಿಂದೆಗೆದುಕೊಳ್ಳುವುದಿಲ್ಲ. ಉದ್ಘೋಷಕನ ಕಸುಬಿನಲ್ಲಿ ಅರ್ಧ ಪಾಲು ಅದೇ. ಕೇಳುಗ ಎಲ್ಲಿ ಕುಳಿತಿದ್ದಾನೋ ಅಲ್ಲಿಯೇ ತಾನೂ ಕುಳಿತ ಹಾಗೆ ಮಾತಾಡಬೇಕು. ಸೆಕೆಯ ಡಿಸೆಂಬರಿನಲ್ಲಿ ಬೆವರು ಒರೆಸಿಕೊಳ್ಳುತ್ತ "ಮಾಗಿಯ ಚಳಿ" ಎಂದಿದ್ದೇನೆ. ಎಲೆ ಉದುರುವ ಮಾರ್ಚಿನಲ್ಲಿ ಯುಗಾದಿಯ ಚಿಗುರನ್ನು ವರ್ಣಿಸಿದ್ದೇನೆ. ಕೇಳುವವರೂ ಅದೇ ಎಲೆ ಉದುರುವ ಬೀದಿಯಲ್ಲೇ ಇದ್ದರು. ಒಬ್ಬರೂ ಆಕ್ಷೇಪಿಸಲಿಲ್ಲ. ಇಬ್ಬರೂ ಸೇರಿ ಒಂದು ಗಂಟೆಯ ಮಟ್ಟಿಗೆ ಊರಿನಲ್ಲಿ ಇರುವುದೆಂದು ಮಾತಾಗಿತ್ತು, ಯಾರೂ ಬಾಯಿಬಿಟ್ಟು ಆಡದ ಮಾತು. ಆ ಅಜ್ಜಿಗೆ ಮಾತ್ರ ಈ ಒಪ್ಪಂದದ ಸುದ್ದಿ ಯಾರೂ ತಿಳಿಸಿರಲಿಲ್ಲ.

ವಿಳಾಸವಿಲ್ಲದ ಕನ್ನಡ

ಮೊದಮೊದಲು ನಾನು ನಮ್ಮ ಕಡೆಯ ಕನ್ನಡದಲ್ಲೇ ಮಾತಾಡುತ್ತಿದ್ದೆ. ಒಂದು ಭಾನುವಾರ "ಎಲ್ಲರದೂ ಆಸರಿ ಆಯಿತೇ?" ಎಂದು ಕೇಳಿದೆ. ಶಿರಸಿಯ ಕಡೆ ಹೊತ್ತು ಹೊತ್ತಿಗೆ ಕುಡಿಯುವ ಚಹಾ, ಕಷಾಯ, ಮಜ್ಜಿಗೆ ಎಲ್ಲವೂ ಆಸರಿಯೇ. ಧಾರವಾಡದವರೊಬ್ಬರು ಫೋನು ಮಾಡಿ, ಅದೇನದು, ಬೇಸರಿಕೆಯೇ ಎಂದು ಕೇಳಿದರು. ಮುಂದಿನ ವಾರದಿಂದ ಆಸರಿ ಹೋಯಿತು. ಆಮೇಲೆ ಮಂಗಳೂರಿನವರಿಗೆ ಒಂದು ಪದ ಒಗ್ಗಲಿಲ್ಲ, ಹಾಸನದವರಿಗೆ ಇನ್ನೊಂದು. ಒಂದೊಂದೇ ಹೋಗುತ್ತ ಹೋಗುತ್ತ ಕೊನೆಗೆ ಉಳಿದದ್ದು ಯಾರ ಮನೆಯದೂ ಅಲ್ಲದ, ಯಾರಿಗೂ ತಕರಾರಿಲ್ಲದ ಇಸ್ತ್ರಿ ಹಾಕಿದ ಕನ್ನಡ. ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬ ಮೆಚ್ಚುಗೆಯಿಂದಲೇ ಹೇಳಿದ: "ಸರ್, ನೀವು ಮಾತಾಡಿದರೆ ನಮ್ಮ ತಾತನ ಕಾಲದ ಪ್ರದೇಶ ಸಮಾಚಾರ ಕೇಳಿದ ಹಾಗಾಗುತ್ತದೆ." ನನಗಾಗ ನಲವತ್ತೆರಡು. ಊರಿನಲ್ಲಿ ಭಾಷೆ ನನ್ನನ್ನು ಕೇಳದೆ ಮುಂದೆ ಹೋಗಿತ್ತು. ನಾನು ವಿಮಾನ ಹತ್ತಿದ ದಿನದ ಕನ್ನಡವನ್ನು ಉಪ್ಪಿನಕಾಯಿಯ ಭರಣಿಯಲ್ಲಿಟ್ಟು ವಾರಕ್ಕೊಮ್ಮೆ ತೆರೆಯುತ್ತಿದ್ದೆ.

ಅಮ್ಮನಿಗೆ ಇದು ನನಗಿಂತ ಮೊದಲು ಗೊತ್ತಾಯಿತು. ಒಂದು ಶನಿವಾರ ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದೆ. ಮರುದಿನದ ಕಾರ್ಯಕ್ರಮದ ಹಾಳೆಗಳು ಮುಂದಿದ್ದವು, ಬಹುಶಃ ಬಾಯಿ ಅದರ ಗುಂಗಿನಲ್ಲೇ ಇತ್ತು. ಹಬ್ಬದ ಸಿದ್ಧತೆ ಹೇಗೆ ನಡೆದಿದೆ ಎಂದು ಕೇಳಿದೆನಂತೆ. "ಹಬ್ಬದ ಸಿದ್ಧತೆ" ಎಂದು ನಮ್ಮ ಮನೆಯಲ್ಲಿ ಹಿಂದೆ ಯಾರೂ ಅಂದದ್ದಿಲ್ಲ. ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಮ್ಮ ಕೇಳಿದಳು: "ಇದು ಯಾವ ಕೇಂದ್ರ ಮಾರಾಯ?" ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ನಾನು ಹಾಳೆ ಎತ್ತಿಕೊಂಡು, ಮೊದಲ ವಾಕ್ಯವನ್ನು ಅಮ್ಮನಿಗೆ ಹೇಳುವ ಹಾಗೆ ಹೇಳಿ ನೋಡಿದೆ. ಬರಲಿಲ್ಲ. ನಾಲ್ಕು ಸಲ ಪ್ರಯತ್ನಿಸಿದೆ. ನಾಲ್ಕನೆಯ ಸಲ ಹೆಂಡತಿ ಒಳಗಿನಿಂದ, ಯಾರ ಹತ್ತಿರ ಜಗಳ ಎಂದು ಕೇಳಿದಳು.

ಗೇಟಿನ ಹೊರಗೆ

ರೇಡಿಯೋ ಬಿಟ್ಟು ಹಲವು ವರ್ಷಗಳಾದ ಮೇಲೆ ಬೇರೆ ಕೆಲಸಕ್ಕೆಂದು ಕೊಲಂಬೊಗೆ ಹೋಗಿದ್ದೆ. ಅರ್ಧ ದಿನ ಬಿಡುವಿತ್ತು. ಟಾರಿಂಗ್ಟನ್ ಚೌಕ ಈಗ ಸ್ವಾತಂತ್ರ್ಯ ಚೌಕ. ಆಟೋದವನಿಗೆ ಅರವತ್ತು ದಾಟಿತ್ತು. ಅಲ್ಲಿಂದ ಭಾರತಕ್ಕೆ ಹಿಂದಿ ಹಾಡು ಹೋಗುತ್ತಿತ್ತು ಗೊತ್ತೇ ಎಂದೆ. ಅವನಿಗೆ ಗೊತ್ತಿದ್ದದ್ದು ಸಿಂಹಳ ಸೇವೆ, ಅದರಲ್ಲಿ ಬರುತ್ತಿದ್ದ ಕ್ರಿಕೆಟ್ ವಿವರಣೆ. ನಮ್ಮ ಇಡೀ ಬಾಲ್ಯ ಅವನ ತಲೆಯ ಮೇಲಿಂದ ಹಾರಿಹೋಗಿತ್ತು, ಅವನು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ನನಗೇಕೋ ಸಿಟ್ಟು ಬಂತು, ಅದು ಅನ್ಯಾಯ ಎಂದೂ ತಿಳಿಯಿತು. ಒಳಗೆ ಹೋಗಲು ಅನುಮತಿ ಬೇಕಿತ್ತು, ನನ್ನಲ್ಲಿ ಇರಲಿಲ್ಲ. ಗೇಟಿನ ಕಾವಲುಗಾರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇಂಡಿಯಾ?" ಎಂದ. ಹೌದೆಂದೆ. ಫೋಟೋ ತೆಗೆದುಕೊಳ್ಳುವುದಾದರೆ ಅಲ್ಲಿ ನಿಂತುಕೊಳ್ಳಿ ಎಂದು ಒಂದು ಜಾಗ ತೋರಿಸಿದ. ವಯಸ್ಸಾದ ಇಂಡಿಯಾದವರು ಬಂದು ಇಲ್ಲಿ ನಿಂತು ತೆಗೆಸಿಕೊಳ್ಳುತ್ತಾರೆ, ಕೆಲವರು ಅಳುತ್ತಾರೆ ಎಂದ. ನಾನು ಅಳಲಿಲ್ಲ, ವಯಸ್ಸಾದವರು ಎಂದದ್ದರ ಲೆಕ್ಕ ಹಾಕುತ್ತಿದ್ದೆ. ತೋರಿಸಿದ ಜಾಗದಲ್ಲಿ ನಿಂತೆ. ಅವನೇ ಫೋಟೋ ತೆಗೆದ, ಅದರಲ್ಲಿ ಅವನ ಹೆಬ್ಬೆರಳೂ ಬಂದಿದೆ.

ಅಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ. ಏನೆನ್ನುತ್ತಿದ್ದನೋ. ಗೆರೆ ಎಳೆದ ಜಾಗಕ್ಕೆ ಮಗ ಹೋಗಿ ನಿಂತಿದ್ದಾನೆ ಎನ್ನುವಷ್ಟು ಕವಿತ್ವ ಅವನಲ್ಲಿರಲಿಲ್ಲ. ಸಿಗ್ನಲ್ ಹೇಗಿತ್ತು ಎಂದು ಕೇಳುತ್ತಿದ್ದ.

ಊಟದ ಸಾಲು

ಮಳೆಯ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಆ ಫೋನು ಬಂದ ವರ್ಷದ ನವೆಂಬರಿನಲ್ಲಿ ಕನ್ನಡಿಗರ ರಾಜ್ಯೋತ್ಸವ. ಯಾವುದೋ ಶಾಲೆಯ ಸಭಾಂಗಣದಲ್ಲಿ ಬಿಸಿಬೇಳೆಬಾತಿನ ಸಾಲು. ನನ್ನ ಹಿಂದೆ ನಿಂತವರಿಗೆ ಯಾವುದೋ ಮಾತು ಹೇಳುತ್ತಿದ್ದೆ. ಮುಂದೆ ನಿಂತಿದ್ದ, ಸೀರೆಯ ಮೇಲೆ ಮಗನ ದೊಡ್ಡ ಜಾಕೆಟ್ ತೊಟ್ಟಿದ್ದ ಹೆಂಗಸು ಥಟ್ಟನೆ ತಿರುಗಿದರು. ಮುಖ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡಿದರು. "ನೀವು ಅಲ್ಲಿಂದ ಯಾವಾಗ ಬಂದಿರಿ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು ಎಂದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಲೆಕ್ಕ ಹಾಕಿದರು.

"ಹಾಗಾದರೆ ಅಂದು ಮಳೆ ಬಂದದ್ದು ನಿಮಗೆ ಯಾರು ಹೇಳಿದರು?"

ನಾನು ಏನೋ ತೊದಲಿದೆ. ಅವರಿಗೆ ಅದು ಬೇಕಾಗಿರಲಿಲ್ಲ. "ತೀರ್ಥಹಳ್ಳಿಯಲ್ಲಿ ನಮ್ಮ ತಮ್ಮನಿದ್ದಾನೆ. ಅವತ್ತೇ ಫೋನು ಹಚ್ಚಿಸಿ, ಸಸಿ ಮಡಿ ಮಾಡಿದೆಯೇನೋ ಎಂದು ಕೇಳಿದೆ. ಒಂದು ಹನಿ ಬಿದ್ದಿಲ್ಲ, ನಿನಗೆ ಅಲ್ಲಿ ಕೂತು ತಲೆ ಕೆಟ್ಟಿದೆಯೇ ಎಂದು ಬೈದ. ರೇಡಿಯೋದಲ್ಲಿ ಹೇಳಿದರು ಎಂದೆ. ಇನ್ನೂ ಬೈದ."

ಸಾಲು ಮುಂದೆ ಸರಿಯಿತು. ಬಡಿಸುವ ಹುಡುಗ ಅ​ವರ ತಟ್ಟೆಗೆ ಬಾತು ಹಾಕಿದ, ಮೇಲೊಂದು ಚಮಚ ಬೂಂದಿ. ಏನಾದರೂ ಹೇಳಲೇಬೇಕೆಂದು, ಮುಂದಿನ ಭಾನುವಾರವೂ ಕೇಳುತ್ತೀರಲ್ಲ ಎಂದೆ.

"ಹಾಡು ಕೇಳುತ್ತೇನೆ" ಎಂದು ಅವರು ಕೋಸಂಬರಿಯ ಕಡೆ ಹೋದರು.